ಯಾರಾದರೂ ಹಿಂದೆ ಸರಿದರೆ

ಸೋತವರ ಸಾಲಿನಲ್ಲಿ ಮೊದಲು ನಿಲ್ಲುವುದೂ ಒಂದು ಗೆಲುವೇ ಎಂದು ಬೆಥನ್ ಪ್ರಿಚರ್ಡ್ ಆ ಬೆಳಿಗ್ಗೆ ನಂಬಿದ್ದಳು. ನಂಬದೆ ಇನ್ನೇನು ಮಾಡಿಯಾಳು? ಡಾರ್ಲಿಂಗ್ಟನ್ನಿನ ಟೆನಿಸ್ ಟೂರ್ನಿಯಲ್ಲಿ ಅರ್ಹತಾ ಪಂದ್ಯಗಳ ಕೊನೆಯ ಸುತ್ತಿನವರೆಗೂ ಬಂದು ಹಿಂದಿನ ದಿನವಷ್ಟೇ ಸೋತಿದ್ದಳು. ಆದರೆ ಮುಖ್ಯ ಸುತ್ತಿನ ಯಾರಾದರೂ ಆಡುವ ಮೊದಲೇ ಹಿಂದೆ ಸರಿದರೆ ಆ ಜಾಗ ಅವಳದು. ಇಂಥವಳನ್ನು ಆಟಗಾರ್ತಿಯರು ಲಕ್ಕಿ ಲೂಸರ್ ಎನ್ನುತ್ತಾರೆ. ಲಕ್ಕು ಎಲ್ಲಿದೆಯೋ ದೇವರೇ ಬಲ್ಲ, ಸೋತದ್ದಂತೂ ನಿಜ.

ಹಿಂದೆ ಸರಿಯಬೇಕಾದವಳು ಬೇರೆ ಯಾರೂ ಅಲ್ಲ, ಅವಳಿದ್ದ ಹೋಟೆಲು ಕೋಣೆಯ ಇನ್ನೊಂದು ಹಾಸಿಗೆಯ ಮೇಲೆ ಬಲಗಾಲನ್ನು ಬೆಥನ್‌ಳ ತೊಡೆಯ ಮೇಲಿಟ್ಟು ಕೂತಿದ್ದ ಟ್ಯಾಮ್ಸಿನ್ ಪ್ಯಾಸ್ಕೋ. ಆರು ವರ್ಷಗಳಿಂದ ಇಬ್ಬರೂ ಡಬಲ್ಸ್ ಜೋಡಿ. ಊರೂರಿನ ಅಗ್ಗದ ಕೋಣೆಗಳಲ್ಲಿ ಒಬ್ಬಳ ಗೊರಕೆ ಇನ್ನೊಬ್ಬಳಿಗೆ ಜೋಗುಳವಾಗಿತ್ತು. ಹಿಂದಿನ ಸಂಜೆ ಬೆಥನ್ ಜೊತೆಗೇ ಅಭ್ಯಾಸ ಮಾಡುವಾಗ ಬಲೆಯ ಬುಡದಲ್ಲಿ ಬಿದ್ದ ಚೆಂಡಿಗೆ ಓಡಿ ಟ್ಯಾಮ್ಸಿನ್ ಕಾಲು ಉಳುಕಿಸಿಕೊಂಡಿದ್ದಳು. ಬೆಳಗಾಗುವಷ್ಟರಲ್ಲಿ ಹರಡು ಬನ್ನಿನ ಹಾಗೆ ಊದಿತ್ತು.

"ಅಯ್ಯಮ್ಮಾ! ಮೆಲ್ಲಗೆ ಕಣೇ, ಕುದುರೆಗೆ ಲಾಳ ಹೊಡೀತಿದೀಯಾ?"

"ಕುದುರೆಯಾಗಿದ್ರೆ ಇಷ್ಟೊತ್ತಿಗೆ ಗುಂಡು ಹಾಕಿ ಮಲಗಿಸಿರ್ತಿದ್ರು ನಿನ್ನ. ಅಲ್ಲಾಡ್ಬೇಡ." ಬೆಥನ್ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದಳು.

ಟ್ಯಾಮ್ಸಿನ್ ಹಲ್ಲು ಕಚ್ಚಿಕೊಂಡು ನಕ್ಕಳು. "ನಾನಿವತ್ತು ಆಡಲ್ಲ ಬಿಡು. ಬಾತ್‌ರೂಮಿಗೆ ಹೋಗೋಕೇ ಗೋಡೆ ಹಿಡ್ಕೋಬೇಕು. ಡೋರೀನ್‌ಗೆ ನಾನೇ ಹೇಳ್ತೀನಿ, ನೀನು ರೆಡಿಯಾಗು."

"ನಿಜವಾಗ್ಲೂ?"

"ಮತ್ತೆ? ಯಾವಳೋ ಗುರುತು ಪರಿಚಯ ಇಲ್ಲದೋಳಿಗೆ ಹೋಗೋ ಬದಲು ನಿಂಗೆ ಹೋಗ್ಲಿ. ಬಾಳೆಹಣ್ಣು ತಿನ್ಕೊಂಡು ಹೋಗು, ಬರೀ ಹೊಟ್ಟೇಲಿ ಆಡ್ಬೇಡ."

ಆ ಜಾಗದ ಬೆಲೆ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದನ್ನು ಬಾಯಿಗೆ ತರಲಿಲ್ಲ. ವಿಂಬಲ್ಡನ್ನಿನ ಅರ್ಹತಾ ಸುತ್ತಿಗೆ ಈ ನೆಲದ ಹುಡುಗಿಯರನ್ನು ಕರೆದು ಕೊಡುವ ಸ್ಥಾನಗಳಲ್ಲಿ ಒಂದೇ ಒಂದು ಉಳಿದಿದೆ, ಸೋಮವಾರದ ಶ್ರೇಯಾಂಕ ಪಟ್ಟಿಯಲ್ಲಿ ಇವರಿಬ್ಬರ ಪೈಕಿ ಯಾರು ಮೇಲಿರುತ್ತಾರೋ ಅವರಿಗೇ ಅದು ಎಂದು ಆಟಗಾರ್ತಿಯರ ಕೋಣೆಗಳಲ್ಲೆಲ್ಲ ಮಾತಿತ್ತು. ಸದ್ಯಕ್ಕೆ ಟ್ಯಾಮ್ಸಿನ್ ಕೂದಲೆಳೆಯಷ್ಟು ಮೇಲೆ. ಇಲ್ಲಿ ಒಂದು ಪಂದ್ಯ ಗೆದ್ದರೆ ಸಾಕು, ಬೆಥನ್ ಅವಳನ್ನು ದಾಟುತ್ತಿದ್ದಳು.

ಬೆಥನ್‌ಗೆ ಇಪ್ಪತ್ತೆಂಟು. ಈ ಬೇಸಿಗೆಯೂ ಆಗದಿದ್ದರೆ ತನ್ನೂರು ರೆಕ್ಸಮ್‌ಗೆ ಮರಳಿ ಕ್ಲಬ್ಬಿನಲ್ಲಿ ಮಕ್ಕಳಿಗೆ ರಾಕೆಟ್ಟು ಹಿಡಿಯುವುದನ್ನು ಕಲಿಸುತ್ತೇನೆ ಎಂದು ಮನೆಯಲ್ಲಿ ಮಾತು ಕೊಟ್ಟು ಬಂದಿದ್ದಳು. ಪ್ರತಿ ಜೂನಿನಲ್ಲೂ "ನೀನ್ಯಾವಾಗೇ ಟೀವೀಲಿ ಬರೋದು?" ಎಂದು ಪೀಡಿಸುತ್ತಿದ್ದ ಅಮ್ಮ ಎರಡು ವರ್ಷದಿಂದ ಕೇಳುವುದನ್ನೇ ಬಿಟ್ಟಿದ್ದಳು. ಕೇಳಿದ್ದಕ್ಕಿಂತ ಕೇಳದಿದ್ದದ್ದೇ ಹೆಚ್ಚು ಉರಿಯುತ್ತಿತ್ತು.

ಕ್ರೀಡಾ ಕೇಂದ್ರದ ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದ ಡೋರೀನ್ ಟೂರ್ನಿಯ ಹಿರಿಯ ಅಧಿಕಾರಿ. ಇಂಥ ಹುಡುಗಿಯರನ್ನು ಮೂವತ್ತು ವರ್ಷಗಳಿಂದ ನೋಡಿದವಳು. ಬೆಥನ್ ಹೆಸರು ಬರೆಸಿದಾಗ ಕನ್ನಡಕದ ಮೇಲಿಂದ ನೋಡಿ, "ಯಾರ ಕಾಲು ಮುರೀಲಿ ಅಂತ ಹರಕೆ ಹೊತ್ಕೊಂಡು ಬಂದೆ ಮಗಳೇ?" ಎಂದಳು.

"ಹರಕೆ ಆಗ್ಲೇ ತೀರಿದೆ" ಎಂದು ಬೆಥನ್ ನಕ್ಕಳು. ಆಮೇಲೆ ಹಿಂದಿನ ಗೋಡೆಗೆ ಚೆಂಡು ಹೊಡೆಯುತ್ತ ಮೈ ಬೆಚ್ಚಗೆ ಮಾಡಿಕೊಂಡಳು. ಎಷ್ಟೋ ತಿಂಗಳ ಮೇಲೆ ಕೈ ಹೇಳಿದಂತೆ ಕೇಳುತ್ತಿತ್ತು. ಎದುರಾಳಿ ಹಂಗೇರಿಯವಳು. ಅವಳ ಎಡಗಡೆಯ ಹೊಡೆತ ದುರ್ಬಲ, ಅವಳನ್ನು ಎರಡು ಸಲ ಸೋಲಿಸಿದ್ದೂ ಇತ್ತು. ಸುಳ್ಳೇಕೆ, ಬೆಥನ್ ಆಗಲೇ ಸೋಮವಾರಕ್ಕೆ ಹೋಗಿ ಮುಟ್ಟಿದ್ದಳು.

ಮೂರನೇ ಅಂಕಣಕ್ಕೆ ಟ್ಯಾಮ್ಸಿನ್ ಪ್ಯಾಸ್ಕೋ ಎಂದು ಮೈಕು ಕೂಗಿದಾಗಲೂ ಬೆಥನ್‌ಗೆ ಏನೂ ಅನ್ನಿಸಲಿಲ್ಲ. ಹೆಸರು ಬದಲಿಸುವುದಕ್ಕೆ ಮರೆತಿದ್ದಾರೆ, ಅಷ್ಟೇ. ಆಮೇಲೆ ಪರದೆ ಸರಿಸಿಕೊಂಡು ಹೆಗಲಿಗೆ ಚೀಲ ಹಾಕಿದ್ದ ಟ್ಯಾಮ್ಸಿನ್ ಒಳಗೆ ಬಂದಳು. ಕುಂಟು ಕಾಣಬಾರದೆಂದು ಎಷ್ಟು ನಿಧಾನವಾಗಿ ನಡೆಯುತ್ತಿದ್ದಳೆಂದರೆ ನೋಡಿದವರು ಜಂಬ ಅಂದುಕೊಳ್ಳಬೇಕು.

ಬೆಥನ್ ಮೇಜಿನತ್ತ ಓಡಿದಳು. "ಡೋರೀನ್, ಅವಳು ನಿಮಗೆ ಹೇಳ್ಲಿಲ್ವಾ?"

"ಯಾರು? ಏನು?"

"ಟ್ಯಾಮ್ಸಿನ್! ಆಡಲ್ಲ ಅಂತ! ಅವಳ ಕಾಲು ನೋಡಿ, ನಾನೇ ಕಟ್ಟಿದ್ದು ಬೆಳಿಗ್ಗೆ!"

ಡೋರೀನ್ ಬರೆಯುತ್ತಿದ್ದುದನ್ನು ನಿಲ್ಲಿಸಿದಳು. "ನನ್ನ ಹತ್ರ ಯಾರೂ ಬಂದಿಲ್ಲ ಪುಟ್ಟಿ. ನಿಲ್ಲೋಕೆ ಆಗತ್ತೆ ಅಂತ ಅವಳೇ ನಿಂತ್ರೆ ನಾನು ಕೂರು ಅನ್ನೋಕಾಗಲ್ಲ. ಮೊದಲ್ನೇ ಚೆಂಡು ಬೀಳೋವರ್ಗೂ ಆಸೆ ಇಟ್ಕೋ. ಬಿದ್ಮೇಲೆ ನಿಂಗೆ ಜಾಗ ಇಲ್ಲ."

ಬೆಥನ್ ಪರದೆಯ ಹಿಂದೆ ನಿಂತಳು. ಆಡಬೇಡ ಎಂದು ಕೂಗಬೇಕೆನ್ನಿಸಿತು. ಟ್ಯಾಮ್ಸಿನ್ ಒಮ್ಮೆ ಇತ್ತ ನೋಡಿದಳು, ಥಟ್ಟನೆ ಮುಖ ತಿರುಗಿಸಿದಳು. ಒಂಟಿಗಾಲಿನ ಮೇಲೆ ಭಾರ ಹಾಕಿ ಚೆಂಡು ಮೇಲೆಸೆದಳು. ಅದು ಬಲೆಗೆ ಬಿತ್ತು. ಎರಡನೆಯದೂ ಬಲೆಗೇ. ಅಲ್ಲಿಗೆ ಬೆಥನ್‌ಳ ಸೋಮವಾರ ಮುಗಿಯಿತು. ಇನ್ನೆರಡು ಅಂಕ ಹೇಗೋ ಎಳೆದು ಟ್ಯಾಮ್ಸಿನ್ ಕೈ ಎತ್ತಿ, ಆಗುವುದಿಲ್ಲ ಎಂದಳು. ಹಂಗೇರಿಯವಳು ಬೆವರುವ ಮೊದಲೇ ಗೆದ್ದು, ಭುಜ ಕುಣಿಸಿ ಹೊರಟುಹೋದಳು.

ಬದಿಯ ಬೆಂಚಿನ ಮೇಲೆ ಬ್ಯಾಡ್ಮಿಂಟನ್ ಸರದಿಗೆ ಕಾಯುತ್ತಿದ್ದ ಮುದುಕರಿಬ್ಬರು ಎದ್ದು ನಿಂತರು. "ಮುಗೀತಾ? ಹಾಗಾದ್ರೆ ನಾವು ಬೇಗ ಶುರು ಹಚ್ಕೋಬಹುದಲ್ಲ!"

ಟ್ಯಾಮ್ಸಿನ್ ಬಟ್ಟೆ ಬದಲಿಸುವ ಕೋಣೆಯಲ್ಲಿ ಕಾಲಿಗೆ ಮಂಜುಗಡ್ಡೆಯ ಚೀಲ ಒತ್ತಿಕೊಂಡು ಕೂತಿದ್ದಳು.

"ಯಾಕೆ?" ಎಂದಳು ಬೆಥನ್.

"ಆಡ್ಬಹುದೇನೋ ಅನ್ನಿಸ್ತು."

"ಥೂ, ಸುಳ್ಳು ಹೇಳೋಕೂ ನಾಚಿಕೆ ಬೇಡ್ವಾ?"

"ಸರಿ, ಸುಳ್ಳೇ. ನೀನು ಗೆಲ್ತಿದ್ದೆ ಕಣೇ. ಅವಳನ್ನ ನೀನು ಗೆದ್ದೇ ಗೆಲ್ತಿದ್ದೆ, ಅದಕ್ಕೇ. ನೀನಾಗಿದ್ರೆ ಬಿಟ್ಕೊಡ್ತಿದ್ಯಾ?"

"ನಾನೇನು ಕೇಳಿದ್ನಾ? ಬಾಳೆಹಣ್ಣು ತಿನ್ನು ಅಂತ ಕಳಿಸಿದ್ದು ನೀನು!"

ಟ್ಯಾಮ್ಸಿನ್ ಮಂಜುಗಡ್ಡೆಯ ಚೀಲವನ್ನು ಕಾಲಿನ ಇನ್ನೊಂದು ಬದಿಗೆ ಸರಿಸಿದಳು. "ಕಾರು ನೀನೇ ಓಡಿಸ್ಬೇಕು. ಬ್ರೇಕ್ ಒತ್ತೋಕಾಗಲ್ಲ ನಂಗೆ" ಎಂದಳು.

ಎಂಥಾ ಧೈರ್ಯ ನೋಡಿ! ಓಡಿಸದೆ ಬಿಟ್ಟು ಬರುವ ಮನಸ್ಸು ಬೆಥನ್‌ಗೂ ಇತ್ತು. ಆದರೆ ಟ್ಯಾಮ್ಸಿನ್ ಕಾಲು ಉಳುಕಿಸಿಕೊಂಡದ್ದರಿಂದ ಡಬಲ್ಸ್ ಕೂಡ ಹೋಗಿತ್ತು, ಆ ಊರಿನಲ್ಲಿ ಇನ್ನು ಮಾಡುವುದಕ್ಕೆ ಕೆಲಸವೇ ಇರಲಿಲ್ಲ. ಚೀಲಗಳನ್ನು ಕಾರಿಗೆ ತುರುಕಿ ಹೊರಟಳು.

ಕಾರು ಹೆದ್ದಾರಿ ಹಿಡಿಯಿತು. ಆಮೇಲೆ ಟ್ಯಾಮ್ಸಿನ್ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: "ನಿನ್ನೆ ಬಲೆ ಬುಡಕ್ಕೆ ಆ ಗಿಡ್ಡ ಚೆಂಡು ಬೇಕಂತ್ಲೇ ಹಾಕಿದ್ದು ತಾನೇ? ಅಭ್ಯಾಸ ಮುಗಿಸೋ ಹೊತ್ತಲ್ಲಿ ಯಾರು ಹಾಗೆ ಹಾಕ್ತಾರೆ?"

"ನಿಂಗೆ ತಲೆ ಕೆಟ್ಟಿದೆ."

"ಇಲ್ಲ ಅಂತ ಹೇಳು ಮತ್ತೆ."

ಇಲ್ಲ ಎನ್ನುವುದಕ್ಕೆ ಬೆಥನ್ ಬಾಯಿ ತೆರೆದಳು. ಆದರೆ ಬೇಕೆಂತಲೇ ಹಾಕಿದ್ದೋ, ಕೈ ತಾನಾಗಿ ಹಾಕಿದ್ದೋ ಅವಳಿಗೇ ಖಾತ್ರಿಯಿರಲಿಲ್ಲ. ಮುಂದೆ ಲಾರಿ ಇತ್ತು, ಅದನ್ನು ದಾಟಿದಳು.

ವೆದರ್ಬಿ ಹತ್ತಿರ ಚಹಾಕ್ಕೆ ನಿಲ್ಲಿಸಿ ಬೆಥನ್ ಒಬ್ಬಳೇ ಒಳಗೆ ಹೋದಳು. ಸಾಲಿನಲ್ಲಿ ನಿಂತು ಫೋನು ನೋಡಿದಾಗ ಸುದ್ದಿ ಬಂದಿತ್ತು. ವಿಂಬಲ್ಡನ್ನಿನ ಆ ಕೊನೆಯ ಸ್ಥಾನವನ್ನು ಫ್ಲಾರೆನ್ಸ್ ಹಾಲ್‌ಕ್ರಾಫ್ಟ್ ಎಂಬ ಹುಡುಗಿಗೆ ಕೊಟ್ಟಿದ್ದರು. ಅವಳಿಗೆ ಹದಿನಾರು ವರ್ಷ, ಹಲ್ಲಿನ ತಂತಿ ಇನ್ನೂ ತೆಗೆದಿಲ್ಲ, ಮುಂದೆ ಬರುವವಳು ಎಂದು ಎಲ್ಲರೂ ಹೇಳುತ್ತಿದ್ದರು. ಕೊಡುವವರು ಸೋಮವಾರಕ್ಕೆ ಕಾದೇ ಇರಲಿಲ್ಲ. ಸೋಮವಾರದ ಮಾತನ್ನು ಅವರು ಹೇಳಿಯೂ ಇರಲಿಲ್ಲ. ತಮ್ಮಂಥವರೇ ಕೋಣೆಗಳಲ್ಲಿ ಕೂತು ಹುಟ್ಟಿಸಿ, ತಾವೇ ನಂಬಿ, ಒಬ್ಬರ ಕತ್ತು ಒಬ್ಬರು ಹಿಸುಕಿದ್ದರು.

ತನಗಿಲ್ಲ ಎಂಬ ಸಂಕಟ ಬರಬೇಕಿತ್ತು, ಆಮೇಲೆ ಬಂತು ಕೂಡ. ಮೊದಲು ಬಂದದ್ದು ಟ್ಯಾಮ್ಸಿನ್‌ಗೂ ಇಲ್ಲ ಎಂಬ ಸಂತೋಷ. ಆ ದಿನ ಅವಳಿಗೆ ಸಿಕ್ಕ ಸಂತೋಷ ಅದೊಂದೇ. ಸಾಲು ಮುಂದೆ ಸರಿಯುವ ತನಕ ಅವಳು ಫೋನಿನಲ್ಲಿ ಏನೋ ಬರೆಯುತ್ತ ನಿಂತಳು.

ಕಾರಿನಲ್ಲಿ ಚಹಾ ಕೊಟ್ಟು, "ಫ್ಲಾರೆನ್ಸ್‌ಗೆ ಕೊಟ್ರಂತೆ" ಎಂದಳು, ಟ್ಯಾಮ್ಸಿನ್‌ಳ ಮುಖವನ್ನೇ ನೋಡುತ್ತ.

ಟ್ಯಾಮ್ಸಿನ್‌ಳ ಮುಖ ಒಂದು ಗಳಿಗೆ ಬರಿದಾಯಿತು. ಊದಿದ ಕಾಲನ್ನು ನೋಡಿಕೊಂಡು ನಗುವುದಕ್ಕೆ ಶುರುಮಾಡಿ, ನಗುತ್ತ ನಗುತ್ತಲೇ ಅತ್ತಳು. ಬೆಥನ್ ಸಮಾಧಾನ ಮಾಡಲಿಲ್ಲ. ಅಳು ನಿಂತ ಮೇಲೆ ಟ್ಯಾಮ್ಸಿನ್ ಮೂಗೊರೆಸಿಕೊಂಡು, ಏನೋ ಲೆಕ್ಕ ಹಾಕುವವಳಂತೆ ಚಹಾ ಹೀರಿದಳು.

"ಆ ಹುಡುಗಿಗೆ ಡಬಲ್ಸ್‌ಗೆ ಯಾರಾದ್ರೂ ಇದಾರಾ?" ಎಂದಳು.

"ಕೇಳಾಯ್ತು."

"ಯಾವಾಗ?"

"ಈಗ್ಲೇ. ಒಳಗೆ, ಚಹಾಕ್ಕೆ ನಿಂತಾಗ."

ಟ್ಯಾಮ್ಸಿನ್ ಅವಳ ಕಡೆ ತಿರುಗಿದಳು. ಬೈಯುತ್ತಾಳೆಂದು ಬೆಥನ್ ಕಾದಳು, ಬೈಯಲಿಲ್ಲ.

"ಏನಂದ್ಳು?"

"ಅವಳಮ್ಮನ್ನ ಕೇಳಿ ಹೇಳ್ತಾಳಂತೆ" ಎಂದು ಬೆಥನ್ ಫೋನನ್ನು ಕಣ್ಣಿಗೆ ಕಾಣುವಂತೆ ಎದುರಿಗಿಟ್ಟುಕೊಂಡು ಕಾರು ಹೊರಡಿಸಿದಳು.