ಒಂದೇ ಸೀಟಿನ ಫಿಯೆಟ್

"ಹಿಡೀರಿ, ಹಿಡೀರಿ! ಮತ್ತ ಎಡಕ್ಕ ವಾಲ್ಯಾನ!"

ಗುರುಲಿಂಗ ಕೂಗಿಕೊಂಡದ್ದೇ ತಡ, ಸಂಗು ಟ್ರ್ಯಾಕ್ಟರಿನ ಟ್ರಾಲಿ ಹತ್ತಿ ಅಣ್ಣನ ಭುಜಕ್ಕೆ ತನ್ನ ಭುಜ ಕೊಟ್ಟು ನಿಂತ. ಟ್ರಾಲಿಯ ಮೇಲೆ ಬಿದಿರು, ಬಾಳೆಕಂಬ, ಚೆಂಡುಹೂವಿನ ವಿಮಾನ ಸಿದ್ಧವಾಗಿತ್ತು. ಅದರೊಳಗೆ ಕೂರಬೇಕಾದ ಆ ಅಣ್ಣ, ವೈಜಿನಾಥ, ಮಾತ್ರ ಕೂರಲೊಲ್ಲ. ಅವರ ಮನೆತನದಲ್ಲಿ ಸತ್ತವರು ಮಲಗಿ ಹೋಗುವುದಿಲ್ಲ. ಕೂತೇ ಹೋಗುತ್ತಾರೆ, ಕೂತೇ ಮಣ್ಣಾಗುತ್ತಾರೆ. ಆದರೆ ಅಪ್ಪ, ಅಜ್ಜ ಮಣ್ಣಾದ ಹೊಲ ಇದ್ದದ್ದು ನಾರಾಯಣಖೇಡ ದಾಟಿ ಸಿರ್ಗಾಪುರದ ಕಡೆ. ಜಹೀರಾಬಾದಿನ ಮನೆಯಿಂದ ಅಲ್ಲಿಯವರೆಗೆ ರಸ್ತೆಯ ಪಾಡು ಎಲ್ಲರಿಗೂ ಗೊತ್ತು.

"ಹಗ್ಗ ಕಟ್ಟೀನಿ, ಧೋತ್ರ ಕಟ್ಟೀನಿ," ಎಂದ ಗುರುಲಿಂಗ. ಸುತ್ತಲಿನವರಿಗೆಲ್ಲ ಹೆಣದ ವಿಮಾನ ಕಟ್ಟಿಕೊಟ್ಟವನು ಅವನು. "ಹೆಗಲ ಮ್ಯಾಲಾದ್ರ ನಡೀತದ. ಟ್ರ್ಯಾಕ್ಟರ್‌ನ್ಯಾಗ ನಿಲ್ಲಂಗಿಲ್ಲರಿ."

ಪಡಸಾಲೆಯ ಉದ್ದ ಸೀಟಿನ ಮೇಲೆ ಕೂತಿದ್ದ ವೈಜಿನಾಥನ ಹೆಂಡತಿ ಸುಮಿತ್ರಾಬಾಯಿ ಅಂಗಳದ ಕಡೆ ತಿರುಗಿದಳು.

"ಗ್ಯಾರೇಜಿನ್ಯಾಗ ಅವರ ಗಾಡಿ ಸೀಟ್ ಅದ. ಬಿಚ್ಚಿ ತರ್ರಿ. ಎದಿಗಿ ಕಟ್ಟೋ ಪಟ್ಟಾ ಸಮೇತ ತರ್ರಿ."

ಸಂಗು ಮೆಲ್ಲಗೆ ಹೇಳಿದ, "ವೈನಿ, ಅದು ರೇಸಿನ ಸೀಟು. ಮಂದಿ ನಗ್ತಾರ."

"ಇದ್ದಾಗ ಏನ್ ಕಮ್ಮಿ ನಕ್ಕಾರ?"

"ಹೆಣಕ್ಕ ಮುಟ್ಟಿದ್ದು ತಿರುಗಿ ಮನಿಗಿ ತರೋ ಹಂಗಿಲ್ಲ. ಆಮ್ಯಾಲ ಆ ಗಾಡಿಗಿ ಸೀಟು?"

ಸುಮಿತ್ರಾಬಾಯಿ ತಾನು ಕೂತಿದ್ದ ಸೀಟಿನಿಂದ ಎದ್ದು ನಿಂತಳು. "ಇದನ್ನ ಹಾಕ್ರಿ," ಎಂದಳು.

*

ಆ ಗಾಡಿ ಮೊದಲು ಕಣ್ಣಿಗೆ ಬಿದ್ದದ್ದು ತಾಂಡೂರಿನ ಒಬ್ಬ ಕಲ್ಲಿನ ವ್ಯಾಪಾರಿಯ ಹಿತ್ತಲಲ್ಲಿ. ಅರವತ್ತರ ದಶಕದ ಇಟಲಿ ಫಿಯೆಟ್. ಒಳಗೆ ಕೋಳಿಗಳ ಸಂಸಾರ. ಹೆದ್ದಾರಿಯ ಬದಿ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದ ವೈಜಿನಾಥ ಅದನ್ನು ಲಾರಿಯಲ್ಲಿ ಹೇರಿಕೊಂಡು ಬಂದಾಗ, ಕೋಳಿಗಳನ್ನು ಯಾಕೆ ಬಿಟ್ಟು ಬಂದಿರಿ, ಅವಾದರೂ ಉಪಯೋಗಕ್ಕೆ ಬರುತ್ತಿದ್ದವು ಎಂದು ಸುಮಿತ್ರಾಬಾಯಿ ಅಂದಿದ್ದಳು.

ತುಕ್ಕು ಉಜ್ಜಿ, ತಗಡು ಬಡಿದು, ಹಾಲಿನ ಕೆನೆಯ ಬಣ್ಣ ಹೊಡೆದು ಅವನು ಗಾಡಿಗೆ ಜೀವ ಕೊಟ್ಟ. ಮೊದಲ ಸವಾರಿ ಕೊಡಂಗಲ್‌ವರೆಗೆ. ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇದ್ದ ಗಾಡಿ ಅದು. ಮುಂದಿನ ಸೀಟು ಒಂದೇ ಉದ್ದನೆಯದು, ನಡುವೆ ಅಡ್ಡಿಯೆಂಬುದಿಲ್ಲ. ಪ್ರತಿ ತಿರುವಿನಲ್ಲೂ ಅವಳು ಜಾರಿ ಅವನಿಗೆ ಒರಗುತ್ತಿದ್ದಳು. ಮಗಳು ಕಾಲೇಜಿಗೆ ಬಂದ ಮೇಲೆ ಅಂಥ ಸಲಿಗೆ! ತಿರುವು ಇಲ್ಲದ ಕಡೆಯೂ ಅವನು ಒಮ್ಮೆ ಸುಮ್ಮಸುಮ್ಮನೆ ತಿರುಗಿಸಿದ. ಅವಳು ನಾಚಿ ಬೈದಳು. ಅಷ್ಟು ಸುಖ ತನಗೆ ಮತ್ತೆ ಸಿಗಲಿಲ್ಲ ಎಂದೇ ಅವಳ ಲೆಕ್ಕ.

ಯಾಕೆಂದರೆ ಆಮೇಲೆ ರೇಸಿನ ಹುಚ್ಚು ಹತ್ತಿತು. ಗಾಡಿ ಹಗುರಾಗಬೇಕು ಎಂದು ಹಿಂದಿನ ಸೀಟು ಹೋಯಿತು, ಬಾಗಿಲಿನ ಒಳಹೊದಿಕೆ ಹೋಯಿತು. ಕಡೆಗೆ ಮುಂದಿನ ಉದ್ದ ಸೀಟೂ ಹೋಗಿ, ಒಬ್ಬನೇ ಹಿಡಿಸುವ ಕುಣಿಯಂಥ ಸೀಟು ಬಂತು.

"ನಾ ಎಲ್ಲಿ ಕುಂದ್ರಲಿ?"

"ಇದೊಂದು ರೇಸ್ ಮುಗೀಲಿ. ಮತ್ತ ಹಾಕ್ತೀನಿ."

ಆ ರೇಸು ಮುಗಿಯಿತು, ಮತ್ತೊಂದು ಬಂತು. ಉದ್ದ ಸೀಟು ಪಡಸಾಲೆಯಲ್ಲೇ ಉಳಿಯಿತು. ಅದರ ಮೇಲೆ ಕೂತು ಅವಳು ವರ್ಷವರ್ಷ ತೊಗರಿಬೇಳೆ ಆರಿಸಿದಳು. ಕಟ್ಟಿಕೊಂಡವಳಿಗೆ ಜಾಗವಿಲ್ಲದ ಗಾಡಿ ಕಟ್ಟಿದ ಗಂಡ ಎಂಬ ಸಂಕಟ ಅವಳಿಗೆ ಇದ್ದೇ ಇತ್ತು. ಒಂದು ಸಲ, ಒಂದೇ ಒಂದು ಸಲ ಅವನ ಪಕ್ಕ ಮತ್ತೆ ಕೂರಬೇಕು ಎಂಬ ಆಸೆಯೂ ಇತ್ತು. ಇವತ್ತು ಬೆಳಿಗ್ಗೆ ಚಹಾದ ಲೋಟ ಕೈಯಲ್ಲಿರುವಾಗಲೇ ಅವನು ಎದೆ ಹಿಡಿದುಕೊಂಡ. ಆಸೆ ಅಲ್ಲಿಗೇ ನಿಂತಿತು.

*

ರೇಸಿನ ಸೀಟಿನಲ್ಲಿ ವೈಜಿನಾಥ ನೆಟ್ಟಗೆ ಕೂತ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಎದೆಯ ಮೇಲೆ ಕೆಂಪು ಪಟ್ಟಾಗಳು, ಅವೆಲ್ಲ ಬಂದು ಸೇರುವ ಕಡೆ ದುಂಡನೆಯ ಬಕ್ಕಲು. ಗುರುಲಿಂಗ ಅಲುಗಾಡಿಸಿ ನೋಡಿ, "ಭೇಷ್," ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ.

ಟ್ರ್ಯಾಕ್ಟರು ಹೊರಟಿತು. ಹಿಂದೆ ಫಿಯೆಟ್. ತಾಂಡೂರಿನಿಂದ ಬಂದಿದ್ದ ಮಗಳು ಮಂಗಲಾ ನಡೆಸುತ್ತಿದ್ದಳು, ಮತ್ತೆ ಹಾಕಿದ ಉದ್ದ ಸೀಟಿನಲ್ಲಿ ಅವಳ ಪಕ್ಕ ಸುಮಿತ್ರಾಬಾಯಿ. ಓಡಲಿಕ್ಕೆಂದೇ ಕಟ್ಟಿದ ಇಂಜಿನ್ನಿಗೆ ಹೆಣದ ಹಿಂದೆ ನಡೆಯುವ ಮರ್ಯಾದೆ ಎಲ್ಲಿಂದ ಬರಬೇಕು? ಢಮಾರ್ ಎನ್ನುವುದು, ಕೆಮ್ಮುವುದು, ನಿಂತುಬಿಡುವುದು. ಟ್ರಾಲಿಯಲ್ಲಿದ್ದ ಭಜನೆಯವರು ತಾಳ ತಪ್ಪಿ ಹೊರಳಿ ಹೊರಳಿ ನೋಡಿದರು.

"ಇದು ಸಾವಕಾಶ ಹೋಗಂಗೇ ಇಲ್ಲವ್ವಾ," ಮಂಗಲಾ ಅಳುತ್ತಲೇ ಹೇಳಿದಳು. "ಅಪ್ಪನ್ನ ಹಿಂದ ಹಾಕ್ಲೇನು?"

"ಹಾಕು. ಅವರಿಗಿ ರೂಢಿ ಅದ."

ಮಗಳಿಗೆ ಅಳುವಿನ ನಡುವೆ ನಗು ಬಂತು. ಗಾಡಿ ಟ್ರಾಲಿಯನ್ನು ದಾಟುವಾಗ ಸುಮಿತ್ರಾಬಾಯಿ ಕಿಟಕಿಯಿಂದ ಗಂಡನ ಮುಖ ನೋಡಿದಳು. ನಾರಾಯಣಖೇಡದ ಹತ್ತಿರದ ತಿರುವಿನಲ್ಲಿ ಸೀಟು ಅವಳನ್ನು ಜಾರಿಸಿ ಮಗಳಿಗೆ ಒರಗಿಸಿತು. ಆಗ ಅವಳು ಬೆಳಗಿನಿಂದ ತಡೆದದ್ದನ್ನೆಲ್ಲ ಅತ್ತಳು.

*

ವೈಜಿನಾಥ ಇದ್ದಾಗ ತಾಂಡೂರಿನ ಕಲ್ಲುಗಣಿಯ ಬಯಲಲ್ಲಿ ಹಳೇ ಗಾಡಿಗಳ ರೇಸು ನಡೆಯುತ್ತಿತ್ತು. ಗೆರೆಯ ಆಚೆ ಅವಳು ನೀರಿನ ತಂಬಿಗೆ ಹಿಡಿದು ನಿಲ್ಲುತ್ತಿದ್ದಳು. ಎಲ್ಲ ಗಾಡಿಗಳೂ ಬಂದು, ಧೂಳೂ ಕೂತ ಮೇಲೆ ಫಿಯೆಟ್ ಬರುತ್ತಿತ್ತು.

"ಎಷ್ಟನೇದು?" ಎಂದು ಕೇಳುತ್ತಿದ್ದ ವೈಜಿನಾಥ.

"ಕಡೇದು."

ಅವನು ಗೆದ್ದವನ ಹಾಗೆ ನಗುತ್ತಿದ್ದ. ಕೈ ಮಾತ್ರ ಸ್ಟಿಯರಿಂಗ್ ಹಿಡಿದು ಮರಗಟ್ಟಿರುತ್ತಿತ್ತು, ಪಟ್ಟಾ ಬಿಚ್ಚಲು ಬರುತ್ತಿರಲಿಲ್ಲ. ಬಕ್ಕಲನ್ನು ಅಂಗೈಯಿಂದ ಒಳಗೆ ಒತ್ತಿಯೇ ತಿರುವಬೇಕು. ಕಿಟಕಿಯಲ್ಲಿ ಬಗ್ಗಿ ಅವಳೇ ತಿರುವುತ್ತಿದ್ದಳು.

*

ಹೊಲದಲ್ಲಿ ಕುಣಿ ತೋಡಿ ಆಗಿತ್ತು. ಸುಮಿತ್ರಾಬಾಯಿ ಅದರ ಪಕ್ಕ ನಿಂತು ದಾರಿ ನೋಡಿದಳು. ಬಸ್ಸಿನಲ್ಲಿ ಬಂದವರು, ಬೈಕಿನಲ್ಲಿ ಬಂದವರು ಎಲ್ಲ ಮುಟ್ಟಿದ ಮೇಲೆ, ತೊಗರಿ ಸಾಲುಗಳ ಆಚೆ ಧೂಳೆದ್ದು ಟ್ರ್ಯಾಕ್ಟರು ಕಾಣಿಸಿತು.

ಅಯ್ಯನವರು ಮಂತ್ರ ಮುಗಿಸಿ, "ಇಳಸ್ರಿ" ಎಂದರು. ಗುರುಲಿಂಗ ಬಕ್ಕಲು ಎಳೆದ, ತಿರುವಿದ. ಸಂಗು ಎರಡೂ ಕೈ ಹಾಕಿದ. ಜಪ್ಪಯ್ಯ ಅನ್ನಲಿಲ್ಲ.

"ಕುಡಗೋಲು ತರ್ರಿ, ಕೊಯ್ಯಮು."

"ಕೊಯ್ಯಬ್ಯಾಡ್ರಿ." ಸುಮಿತ್ರಾಬಾಯಿ ಸೆರಗು ಸಿಕ್ಕಿಸಿ ಟ್ರಾಲಿ ಹತ್ತಿದಳು. ಸಂಗು ಜಾಗ ಬಿಟ್ಟ.

ಅವಳು ಗಂಡನ ಮುಂದೆ ಬಗ್ಗಿ ಅಂಗೈಯಿಂದ ಬಕ್ಕಲನ್ನು ಒಳಗೆ ಒತ್ತಿದಳು.

"ಕಡೇದು," ಎಂದಳು, ಅವನಿಗೆ ಮಾತ್ರ ಕೇಳುವಷ್ಟು.

ತಿರುವಿದಳು. ಕೆಂಪು ಪಟ್ಟಾಗಳು ಎರಡೂ ಬದಿಗೆ ಬಿದ್ದವು. ವೈಜಿನಾಥ ಮುಂದಕ್ಕೆ ವಾಲಿ ಅವಳಿಗೆ ಒರಗಿದ. ಹಿಡಿಯಲು ಬಂದವರನ್ನು ಅವಳು ಕೈಯೆತ್ತಿ ತಡೆದಳು. ಅವನ ಹಣೆಯ ವಿಭೂತಿ ಅವಳ ಹೆಗಲಿನ ಸೀರೆಗೆ ಹತ್ತಿತು.