ಹಾಲು ಬಿಟ್ಟವಳು

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ನನ್ನ ಗಂಡನ ಹೆಸರು ಸೀತಾರಾಮಪ್ಪ. ಹೇಳಿಯಾಯಿತು. ಇಕ್ಕೇರಿಯಲ್ಲಿ ಮನೆ, ಸಾಗರದ ಅಕ್ಕಿ ಗಿರಣಿಯಲ್ಲಿ ಅವರಿಗೆ ಕೆಲಸ, ಮನೆಯಲ್ಲಿ ನಾನು ಮತ್ತು ಅವರ ತಾಯಿ ಕೆರಿಯಮ್ಮ. ನಾನು ತೀರ್ಥಹಳ್ಳಿ ಕಡೆಯವಳು, ಹೂವಮ್ಮ. ಆದರೆ ಊರಲ್ಲಿ ಯಾರೂ ನನ್ನನ್ನು ಹಾಗೆ ಕರೆಯುತ್ತಿರಲಿಲ್ಲ. ‘ಹಾಲು ಬಿಟ್ಟವಳು’ ಅನ್ನುತ್ತಿದ್ದರು, ಅದೂ ಭಕ್ತಿಯಿಂದ ದನಿ ತಗ್ಗಿಸಿ. ಆ ಭಕ್ತಿಗಿಷ್ಟು ಬೆಂಕಿ ಹಾಕ.

ಎಂಬತ್ತನೇ ಇಸವಿಯಲ್ಲಿ ನನಗೊಂದು ಹೆಣ್ಣು ಮಗು ಹುಟ್ಟಿತ್ತು. ಹೆಸರಿಡುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಎಳೆ ಮಗು ಹೋದರೆ ತಾಯಿ ತನ್ನ ಎದೆಹಾಲನ್ನೇ ಬಟ್ಟಲಿಗೆ ಹಿಂಡಿಕೊಂಡು ಹೋಗಿ ಹೂಳಿದ ಮಣ್ಣಿನ ಮೇಲೆ ಸುರಿಯಬೇಕು. ನಮ್ಮ ಕಡೆ ಇದಕ್ಕೆ ಹಾಲು ಬಿಡುವುದು ಅನ್ನುತ್ತೇವೆ. ಈ ಊರಿನವರು ಹಾಲೆರೆಯುವುದು ಅನ್ನುತ್ತಾರೆ. ಮೂರನೆಯ ದಿನ ಆ ಕೆಲಸ ಮುಗಿಸಿ ಬಂದಾಗ ಅತ್ತೆ ಬಿಸಿ ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಕುಡಿ” ಅಂದರು.

“ಹಾಲು ಬಿಟ್ಟೆ ಅತ್ತೆ” ಅಂದೆ. ಲೋಟ ಮುಟ್ಟದೆ ಒಳಗೆ ಹೋಗಿ ಮಲಗಿದೆ, ರಾತ್ರಿ ನನಗೂ ಜ್ವರ ಏರಿತು.

ಮಗಳಿಗೆ ಹಾಲು ಸುರಿದು ಬಂದೆ ಅಂತ ನಾನು ಅಂದದ್ದು. ಇನ್ನು ಹಾಲು ಮುಟ್ಟುವುದಿಲ್ಲ ಅಂತ ಶಪಥ ಮಾಡಿದ್ದಾಳೆ ಅಂತ ಅವರು ತಿಳಿದದ್ದು. ನಾನು ಜ್ವರದಿಂದ ಎದ್ದು ಕೂರುವ ಹೊತ್ತಿಗೆ ಅತ್ತೆ ದೇವಸ್ಥಾನದಲ್ಲಿ ಕಾಯಿ ಇಟ್ಟು ನನ್ನ ಹೆಸರಲ್ಲಿ ವ್ರತ ಹೇಳಿಕೊಂಡೂ ಆಗಿತ್ತು. ಹಾಲು ಬಿಟ್ಟವರು ಮೊಸರು, ಮಜ್ಜಿಗೆ, ತುಪ್ಪ ಯಾವುದೂ ತಿನ್ನಬಾರದು. ನಾನು ಹಾಗೆ ಹೇಳಿದ್ದಲ್ಲ ಅಂದೆ.

“ನೀ ಎಂತ ಹೇಳಿದ್ಯೋ ನಂಗೊತ್ತಿಲ್ಲ. ದೇವ್ರು ಕೇಳಿಸ್ಕಂಡಾಯ್ತು. ಈಗ ವಾಪಸ್ ತಗಂಡ್ರೆ ಮನೆಗೆ ಕೇಡು” ಅಂದರು ಅತ್ತೆ.

ಮೊಸರಿಲ್ಲದೆ ಉಣ್ಣಬಹುದು, ಯಾರೂ ಸಾಯುವುದಿಲ್ಲ. ಆದರೆ ವ್ರತ ಹಿಡಿದವಳನ್ನು ಗಂಡ ಮುಟ್ಟಬಾರದು ಅಂತ ಇನ್ನೊಂದು ಕಟ್ಟಳೆ ಹುಟ್ಟಿಕೊಂಡಿತು. ಇವರು ಚಾಪೆ ಸುತ್ತಿಕೊಂಡು ಜಗಲಿಗೆ ಹೋದರು. ಒಂದು ಮಾತು ಕೇಳಲಿಲ್ಲ. ಅವ್ವ ಹಾಕಿದ ಗೆರೆ ದಾಟದ ಮಗ, ದಾಟಿದರೆ ಕಾಲು ಬೀಳುತ್ತದೇನೋ ಅನ್ನುವ ಹಾಗೆ. ನಾನೂ ಮೊದಮೊದಲು ಸುಮ್ಮನಿದ್ದೆ. ಮೈಯೂ ಮನಸ್ಸೂ ಸತ್ತು ಹೋಗಿದ್ದವು. ಆದರೆ ಎರಡನೆಯ ವರ್ಷ ಪಕ್ಕದ ಮನೆ ಲಕ್ಷ್ಮಿಯ ಕೂಸನ್ನು ಎತ್ತಿಕೊಂಡಾಗ ಎದೆ ಜುಂ ಅಂದಿತು. ನನಗೆ ಇನ್ನೊಂದು ಮಗು ಬೇಕಿತ್ತು. ನನ್ನ ಗಂಡ ಬೇಕಿತ್ತು. ಇವರೊಬ್ಬರೇ ಸಿಕ್ಕರೆ ಎಲ್ಲ ಬಿಡಿಸಿ ಹೇಳಬೇಕು ಅಂತ ಕಾಯುತ್ತಿದ್ದೆ. ಅತ್ತೆಯ ಕಿವಿಗೆ ಬೀಳದ ಜಾಗ ಆ ಮನೆಯಲ್ಲಿ ಇರಲಿಲ್ಲ.

ಹಾಗಿರುವಾಗ ಒಂದು ದಿನ ಅತ್ತೆ ಹೊಸ ಸೀರೆ ಉಟ್ಟು, ತಮ್ಮನನ್ನು ಜೊತೆಗೆ ಕರೆದುಕೊಂಡು, ನೆಂಟರ ಮನೆ ಅಂತ ಹೊಸನಗರದ ಬಸ್ಸು ಹತ್ತಿದರು. ನಾಳೆ ಬರುತ್ತೇನೆ ಅಂದರು. ಮಧ್ಯಾಹ್ನ ಇವರು ಗಿರಣಿಯಿಂದ ಬೇಗ ಬಂದರು.

“ಹೂವಾ, ಒಳ್ಳೆ ಸೀರೆ ಉಡು. ಸಾಗರಕ್ಕೆ ಹೋಗಿ ಪಿಚ್ಚರ್ ನೋಡ್ಕಂಡು ಬರಾಣ.”

“ನನ್ನನ್ನಾ?” ಅಂದೆ.

“ಮತ್ತೆ ಯಾರನ್ನ, ಕೊಟ್ಟಿಗೆ ಎಮ್ಮೇನಾ?”

ಮದುವೆಯಾದ ಹೊಸತರಲ್ಲಿ ಇವರು ಹೀಗೇ ತಮಾಷೆ ಮಾಡುತ್ತಿದ್ದರು. ನಗು ಬಂತು, ಜೊತೆಗೆ ಅಳುವೂ ಬಂತು. ಪೆಟ್ಟಿಗೆ ತೆಗೆದು ನೀಲಿ ಸೀರೆ ಉಟ್ಟೆ.

ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಹೋದೆ. ಏರು ಬಂದ ಕಡೆ ಇಳಿದು ಇಬ್ಬರೂ ನಡೆದೆವು. ಪಿಚ್ಚರಿನಲ್ಲಿ ನಾಯಕ ನಾಯಕಿ ಮರ ಸುತ್ತಿದ್ದೇ ಸುತ್ತಿದ್ದು. ನಾನು ನೋಡಿದ್ದು ಕಡಿಮೆ. ಕತ್ತಲಲ್ಲಿ ಇವರ ಮೊಣಕೈ ನನ್ನ ಮೊಣಕೈಗೆ ತಾಗಿತ್ತು, ತೆಗೆಯಲಿಲ್ಲ. ಆಟ ಬಿಟ್ಟ ಮೇಲೆ ಗಣಪತಿ ಕೆರೆಯ ದಂಡೆಯಲ್ಲಿ ಕೂತು ಕಡ್ಲೆಕಾಯಿ ತಿಂದೆವು. ಹೂವಾಡಗಿತ್ತಿ ಬಂದಳು. ಇವರು ಒಂದು ಮೊಳ ಅಂದರು, ಆಮೇಲೆ ಎರಡು ಮೊಳ ಅಂದರು. ಈಗ ಹೇಳಲೇ ಅಂತ ಬಾಯಿ ತೆರೆದೆ. ಇವರು ಕೆರೆಯ ನೀರು ನೋಡುತ್ತಾ ಏನೋ ನುಂಗಿಕೊಳ್ಳುವವರ ಹಾಗೆ ಕೂತಿದ್ದರು. ಮನೆಗೆ ಹೋಗಿ ಹೇಳಿದರಾಯಿತು, ಮಾತಿಗೆ ಮುಚ್ಚಿಕೊಳ್ಳಲು ಬಾಗಿಲಾದರೂ ಇರುತ್ತದೆ ಅಂದುಕೊಂಡೆ.

ಪೇಟೆಯ ಅಂಗಡಿಯಲ್ಲಿ ಇವರು ಒಂದು ಕೋಕೋ ಪುಡಿಯ ಡಬ್ಬಿ ಕೇಳಿದರು. ಶಿವಮೊಗ್ಗದ ಹೋಟೆಲಿನಲ್ಲಿ ಗಿರಣಿ ಸಾಹುಕಾರರ ಜೊತೆ ಒಮ್ಮೆ ಕುಡಿದಿದ್ದರಂತೆ. ಬಿಸಿ ಚಾಕಲೇಟು, ಕುಡಿದರೆ ಕಾಲಿನ ಉಗುರಿನವರೆಗೂ ಬೆಚ್ಚಗಾಗುತ್ತದಂತೆ.

“ಇದಕ್ಕೆ ದನದ ಹಾಲೇ ಆಗ್ಬೇಕಾ?” ಅಂತ ಅಂಗಡಿಯವನನ್ನು ಕೇಳಿದರು. “ನಮ್ಮನೇರು ಹಾಲು ಬಿಟ್ಟಿದಾರೆ.”

“ಕಾಯಿಹಾಲಲ್ಲೂ ಆಗ್ತದೆ ಮಾರಾಯ್ರೇ, ಕುದಿಸಿ ಒಡೆಸ್ಬೇಡಿ ಅಷ್ಟೇ” ಅಂದ ಅವನು.

ನಮ್ಮನೇರು ಅಂದರಲ್ಲ. ಅಷ್ಟಕ್ಕೇ ನನ್ನ ಮನಸ್ಸು ಬೆಣ್ಣೆಯ ಹಾಗೆ ಕರಗಿ ಹೋಯಿತು. ಬೆಣ್ಣೆ ನಾನು ಮುಟ್ಟುವ ಹಾಗಿರಲಿಲ್ಲ, ಅದು ಬೇರೆ ಮಾತು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆವು. ಇವರು ಪಂಚೆ ಎತ್ತಿ ಕಟ್ಟಿ, ತುರಿಯುವ ಮಣೆಯ ಮೇಲೆ ಕೂತು, ತಾವೇ ಕಾಯಿ ತುರಿದರು. ಅರ್ಧ ಬಟ್ಟಲಿಗೆ, ಅರ್ಧ ನೆಲಕ್ಕೆ. ನಾನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದೆ. ಬೆಲ್ಲ ಕರಗಿಸಿ, ಪುಡಿಯನ್ನು ಗಂಟಾಗದ ಹಾಗೆ ಕಲಸಿ, ಸಣ್ಣ ಕೆಂಡದ ಮೇಲೆ ಪಾತ್ರೆ ಇಟ್ಟೆ. ಇವರು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಸೌಟು ಆಡಿಸಿದರು. ಕುದಿ ಬರುವ ಮೊದಲೇ ಇಳಿಸಿ ಎರಡು ಲೋಟಕ್ಕೆ ಹಾಕಿದೆ. ಸ್ವಲ್ಪ ಕಹಿ, ಸ್ವಲ್ಪ ಸಿಹಿ, ಹಿಂದಿನಿಂದ ಕಾಯಿಯ ಘಮ. ಅಷ್ಟು ರುಚಿಯಾದದ್ದನ್ನು ನಾನು ಅದುವರೆಗೆ ಕುಡಿದೇ ಇರಲಿಲ್ಲ.

“ಚೆನ್ನಾಗೈತಾ?” ಅಂದರು.

“ನಾನು ಹಾಲು ಬಿಟ್ಟಿಲ್ಲ” ಅಂದೆ.

ಇವರು ಲೋಟ ಕೆಳಗಿಟ್ಟರು. ನಾನು ನಿಲ್ಲಿಸದೆ ಎಲ್ಲ ಹೇಳಿದೆ. ಬಟ್ಟಲು, ಮಣ್ಣು, ಬಾಗಿಲು, ನಮ್ಮ ಊರಿನ ಮಾತು, ಈ ಊರಿನ ಮಾತು. “ಮಗೂಗೆ ಬಿಟ್ಟೆ ಅಂದಿದ್ದು ನಾನು. ಬದುಕನ್ನೇ ಬಿಟ್ಟೆ ಅಂತ ಹೇಳಿರ್ಲಿಲ್ಲ. ಚಾಪೆ ಒಳಗೆ ತಗಂಡ್ ಬನ್ನಿ. ನಂಗೆ ಇನ್ನೊಂದು ಕೂಸು ಬೇಕು.”

ಅಷ್ಟು ಬಿಡಿಸಿ ಹೇಳಿದ್ದಕ್ಕೆ ನನಗೇ ನಾಚಿಕೆಯಾಯಿತು. ಇವರು ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದರು.

“ಇವತ್ತು ಅವ್ವ ಹೊಸನಗರಕ್ಕೆ ಹೋಗಿದ್ದು ವೀಳ್ಯ ಕೊಡಾಕೆ” ಅಂದರು. “ನಂಗೆ ಹೆಣ್ಣು ಗೊತ್ತಾಗೈತೆ. ನಿಂಗೆ ಹೆಂಗೆ ಹೇಳದು ಅಂತ... ಅದ್ಕೇ ಪೇಟೆಗೆ ಕರ್ಕಂಡು ಹೋದೆ. ಕೆರೆ ಹತ್ರ ಹೇಳಾಣ ಅಂತಿದ್ದೆ. ಆಗ್ಲಿಲ್ಲ.”

ಮೊಣಕೈ, ಹೂವು, ಡಬ್ಬಿ, ಎಲ್ಲ ಇದಕ್ಕಾಗಿಯೇ. ಸಿಟ್ಟು ಬರಬೇಕಿತ್ತು. ಬರಲಿಲ್ಲ.

“ವೀಳ್ಯ ತಾನೇ, ತಾಳಿಯಲ್ಲವಲ್ಲ. ನಾಳೆ ಹೋಗಿ ತಪ್ಪಾಯ್ತು ಅಂತ ಹೇಳಿ” ಅಂದೆ.

“ಕೊಟ್ಟ ವೀಳ್ಯ ವಾಪಸ್ ತಗಳಾಕೆ ಆಗ್ತದೇನೇ? ಅವ್ವ ಉಳೀತಾಳಾ?” ಅಂದರು. ಕಣ್ಣಲ್ಲಿ ನೀರು ತುಂಬಿತ್ತು, ಸುಳ್ಳು ಹೇಳುವುದಿಲ್ಲ. “ನಿನ್ನ ಯಾರೂ ಹೊರಗೆ ಹಾಕಲ್ಲ. ಆ ಹುಡುಗಿ ಒಳ್ಳೇಳು. ನಿನ್ನ ಅಕ್ಕ ಅಂತ್ಲೇ ಕರೀತಾಳಂತೆ.”

ನಾನು ಎದ್ದೆ. ನೆಲುವಿನಿಂದ ಹಾಲಿನ ಪಾತ್ರೆ ಇಳಿಸಿದೆ. ಎಮ್ಮೆಯ ಹಾಲು, ಬೆಳಿಗ್ಗೆ ಅತ್ತೆಯೇ ಕಾಯಿಸಿಟ್ಟು ಹೋದದ್ದು, ಮೇಲೆ ಕೆನೆ ಕಟ್ಟಿತ್ತು. ಅವರ ಎದುರಿಗೇ ಪಾತ್ರೆಯನ್ನು ಬಾಯಿಗೆ ಹಚ್ಚಿ ಗಟಗಟ ಕುಡಿದೆ. ಗಲ್ಲದ ಮೇಲೆ ಇಳಿಯಿತು, ನೀಲಿ ಸೀರೆಯ ಮೇಲೆ ಚೆಲ್ಲಿತು. ಪಾತ್ರೆ ಇಳಿಸಿ ಇವರ ಮುಖ ನೋಡಿದೆ. ಈಗಲಾದರೂ ಏನಾದರೊಂದು ಆಗುತ್ತದೆ, ಬೈಯುತ್ತಾರೆ, ಹೊಡೆಯುತ್ತಾರೆ, ಇಲ್ಲವೇ ಕೈ ಹಿಡಿದುಕೊಳ್ಳುತ್ತಾರೆ ಅಂತ ಕಾದೆ.

ಇವರು ಮೆಲ್ಲಗೆ ಎದ್ದು ಬಂದು ನನ್ನ ಕೈಯಿಂದ ಪಾತ್ರೆ ತಗೊಂಡರು. ಹಂಡೆಯಿಂದ ಒಂದು ಚೊಂಬು ನೀರು ತೆಗೆದು, ದೀಪದ ಬೆಳಕಿಗೆ ಹಿಡಿದು ನೋಡುತ್ತಾ, ಹಾಲು ಮೊದಲಿದ್ದ ಗುರುತಿನವರೆಗೆ ಸುರಿದರು.

“ಅವ್ವಂಗೆ ಗೊತ್ತಾಗಬಾರ್ದು” ಅಂದರು. ಪಾತ್ರೆಯನ್ನು ನೆಲುವಿನ ಮೇಲಿಟ್ಟು, ಕೈ ಒರೆಸಿಕೊಂಡು, ಜಗಲಿಗೆ ಹೋಗಿ ಚಾಪೆ ಬಿಡಿಸಿದರು.