ಎಡಗೈ ಎತ್ತಿದ ಹೊತ್ತು

ಸದಾಶಿವಯ್ಯನವರಿಗೆ ಶಿವ ಕಂಡ ಎಂಬ ಸುದ್ದಿ ಶ್ರೀರಾಂಪುರದ ಮನೆಯಿಂದ ಒಂಟಿಕೊಪ್ಪಲಿನ ನೆಂಟರವರೆಗೂ ಹಬ್ಬಿ ಆರು ತಿಂಗಳಾಗಿತ್ತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಬಂದವರೆಲ್ಲ ಅವರ ಕಾಲಿಗೆ ಬಿದ್ದು, ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಆ ಉಪ್ಪಿಟ್ಟು ಕೆದಕಿ ಕೆದಕಿ ಹೆಂಡತಿ ಗಿರಿಜಾಂಬಾಳ ರಟ್ಟೆ ಬಿದ್ದುಹೋಗಿತ್ತು.

ಆದದ್ದು ಇಷ್ಟು. ತಮ್ಮ ಬೆಲ್ಲದ ಮಂಡಿ ಮುಚ್ಚಿದ ವರ್ಷವೇ, ತೊಂಬತ್ತೆಂಟರಲ್ಲಿ, ಸದಾಶಿವಯ್ಯನವರ ಹೃದಯ ಸೋಮಾರಿಯಾಯಿತು. ಎಡ ಎದೆಯ ಚರ್ಮದಡಿ ಪೇಸ್‌ಮೇಕರ್ ಕೂರಿಸಿದರು. ಅಂದಿನಿಂದ ಬೆಳಿಗ್ಗೆ ಪೂಜೆಗೆ ಕೂತು, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಿದ್ದ ಹಾಗೇ ಅವರ ತಲೆ ವಾಲುತ್ತಿತ್ತು. ಎಚ್ಚರವಾದ ಮೇಲೆ, "ಬೆಳಕು ಬಂತು ಕಣೆ, ನಾನೇ ಇರ್ಲಿಲ್ಲ," ಎನ್ನುತ್ತಿದ್ದರು. ಪಕ್ಕದಲ್ಲೇ ತನ್ನ ಪೂಜೆಗೆ ಕೂರುತ್ತಿದ್ದ ಗಿರಿಜಾಂಬಾಗೆ ಕಾಣುತ್ತಿದ್ದದ್ದು ಬಿಳಿಚಿದ ಮುಖ ಮಾತ್ರ. ಒಂದು ಕಣ್ಣು ಲಿಂಗದ ಮೇಲೆ, ಇನ್ನೊಂದು ಗಂಡನ ಮೇಲೆ. ಒಂದು ದಿನ ಇವರು ಏಳದೇ ಹೋದರೆ ಎಂಬ ಭಯದಲ್ಲಿ ಆಕೆಯ ಪೂಜೆ ಎಂದೋ ಕೆಟ್ಟುಹೋಗಿತ್ತು.

ಮೂರು ಸಲ ಬಸ್ಸು ಹತ್ತಿ ಸರಸ್ವತಿಪುರಂನ ಕ್ಲಿನಿಕ್ಕಿಗೆ ಹೋದದ್ದಾಯಿತು. ಮೂರು ಸಲವೂ ಮಂಚದ ಮೇಲೆ ಮಲಗಿಸಿ ನೋಡಿ, ಯಂತ್ರ ಚೆನ್ನಾಗಿದೆ ಎಂದು ಕಳಿಸಿದರು. "ಕೇಳಿಸ್ಕೊಂಡ್ಯಾ?" ಎಂದು ಸದಾಶಿವಯ್ಯ ಮೀಸೆಯಲ್ಲೇ ನಕ್ಕಿದ್ದರು.

ನಾಲ್ಕನೆಯ ಸಲ, ಯಂತ್ರ ಪರೀಕ್ಷಿಸುವ ವಿಲ್ಸನ್ ಮತ್ತದೇ ಮಂಚ ತೋರಿಸಿದಾಗ ಗಿರಿಜಾಂಬಾಗೆ ಸಾಕಾಗಿಹೋಯಿತು.

"ಮಲಗಿದ್ರೆ ಇವರಿಗೆ ಏನೂ ಆಗಲ್ಲ ಕಣಪ್ಪ. ಕೂತು ಕೈ ಎತ್ತಿದಾಗ ಆಗೋದು. ಕೂರಿಸಿ ನೋಡು."

ವಿಲ್ಸನ್ ಎದೆಗೆ ತಂತಿ ಅಂಟಿಸಿ ಕೂರಿಸಿದ. ಸದಾಶಿವಯ್ಯ ಪ್ರಸಾದ ಕೇಳುವವರ ಹಾಗೆ ಬರಿಗೈಯನ್ನು ಸೊಂಟದ ಹತ್ತಿರ ಚಾಚಿದರು. ಪರದೆಯ ಮೇಲೆ ಗೆರೆ ಎಡವದೆ ಓಡಿತು. ಲಿಂಗ ಕೈಗೆ ತೆಗೆದುಕೊಳ್ಳಿ ಎಂದು ಹೆಂಡತಿ ಹೇಳಿದರೆ, "ಆಸ್ಪತ್ರೇಲಾ? ಇದೇನು ಪ್ರದರ್ಶನವಾ?" ಎಂದು ಮುಖ ತಿರುಗಿಸಿದರು.

ಗಿರಿಜಾಂಬಾ ನಲ್ಲಿಯಲ್ಲಿ ಕೈಕಾಲು ತೊಳೆದು, ಚೀಲದಲ್ಲಿದ್ದ ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆಯಿಂದ ತನ್ನ ಲಿಂಗವನ್ನು ಅಂಗೈಗೆ ತಂದು ಅಲ್ಲೇ ನೆಲದ ಮೇಲೆ ಪೂಜೆಗೆ ಕೂತಳು. ನಲವತ್ತೊಂದು ವರ್ಷ ಒಟ್ಟಿಗೇ ಕೂತವರು ಇಬ್ಬರೂ. ಆಕೆಯೊಬ್ಬಳೇ ಕೂತದ್ದನ್ನು ನೋಡಲಾರದೆ ಸದಾಶಿವಯ್ಯ ಗೊಣಗುತ್ತಾ ನೀರು ತರಿಸಿ ಕೈ ತೊಳೆದು, ತಂತಿಗಳ ಸಮೇತ ಪಕ್ಕದಲ್ಲಿ ಬಂದು ಕೂತರು.

ಲಿಂಗವಿದ್ದ ಅವರ ಎಡಗೈ ಕಣ್ಣಿನ ಮಟ್ಟಕ್ಕೆ ಏರಿತು. ಪರದೆಯ ಗೆರೆಯಲ್ಲಿ ಬಡಿತ ನಿಂತಿತು. ಒಂದು ಕ್ಷಣ, ಎರಡು, ಮೂರು, ನಾಲ್ಕು. ವಾಲಿದ ಗಂಡನನ್ನು ಗಿರಿಜಾಂಬಾ ತೋಳಿನಿಂದ ತಡೆದಳು. ವಿಲ್ಸನ್ ಲಿಂಗ ಜಾರದಂತೆ ಅವರ ಮೊಣಕೈ ಹಿಡಿದು ಮೆಲ್ಲಗೆ ಇಳಿಸಿದ. ಬಡಿತ ಮರಳಿತು.

"ಕೈ ಹಿಂಗೆ ಎತ್ತಿ ಹಿಡಿದ್ರೆ ಎದೆ ಸ್ನಾಯು ಬಿಗಿಯುತ್ತೆ ಅಮ್ಮ," ಎಂದ. "ಆ ಸಣ್ಣ ಮಿಡಿತಾನೇ ಹೃದಯದ್ದು ಅಂದ್ಕೊಂಡು ಯಂತ್ರ ಸುಮ್ನಾಗ್ಬುಡುತ್ತೆ. ಮಲಗಿದ್ದಾಗ ಗೊತ್ತೇ ಆಗಲ್ಲ." ಆಮೇಲೆ ಡಾಕ್ಟರನ್ನು ಕರೆದು ತೋರಿಸಿ, ಅಂಥ ಚಿಲ್ಲರೆ ಮಿಡಿತಕ್ಕೆಲ್ಲ ಯಂತ್ರ ಕಿವಿಗೊಡದಂತೆ ಹೊರಗಿನಿಂದಲೇ ತಿದ್ದಿದ.

ಹಿಂತಿರುಗುವಾಗ ಬಸ್ಸಿನಲ್ಲಿ ಸದಾಶಿವಯ್ಯ ಕಿಟಕಿಯ ಕಡೆಗೇ ನೋಡುತ್ತಿದ್ದರು. ಇಳಿಯುವ ಮುಂಚೆ, "ಐವತ್ತು ವರ್ಷ ಕಾದಿದ್ದೆ ಕಣೆ. ಕಡೆಗೂ ಬಂದ ಅಂದ್ಕೊಂಡಿದ್ದೆ," ಎಂದರು. ಗಿರಿಜಾಂಬಾಗೆ ಗಂಡನನ್ನು ಉಳಿಸಿಕೊಂಡೆ ಎಂಬ ಸಮಾಧಾನವೂ ಆಗ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಅವರು ಕೈ ನಡುಗುವವರೆಗೂ ಲಿಂಗವನ್ನು ಎತ್ತಿ ಹಿಡಿದು ಕೂತರು. ತಲೆ ವಾಲಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದದ್ದೂ ಕೇಳಿಸಿತು. ಕೈ ಇಳಿಸಿದರು.

"ಏನಾಯ್ತು?" ಎಂದಳು ಗಿರಿಜಾಂಬಾ.

"ಏನೂ ಆಗ್ಲಿಲ್ಲ."

ಆರು ತಿಂಗಳಿಂದ ಆ ಒಂದು ಮಾತಿಗಾಗಿ ಕಾದಿದ್ದಳು. ಈಗ ಕೇಳಿ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಂಗೂ ಇಷ್ಟು ವರ್ಷ ಏನೂ ಆಗಿಲ್ಲ. ದಿನಾ ಕೂರ್ತಾ ಇಲ್ವೇನ್ರೀ?" ಎಂದು, ಮಂಡಿ ಹಿಡಿದುಕೊಂಡು ಎದ್ದು ಒಲೆ ಹಚ್ಚಲು ಹೋದಳು.